ಪುಷ್ಪಾ ಹಾಲು ಉಕ್ಕಿಸಿದ ದಿನ

ನಾನು ಮೊದಲ ಸಲ ಶಾಸಕಿಯಾಗಿ ಮೂರನೇ ವರ್ಷ ನಡೆಯುತ್ತಿತ್ತು. ಕ್ಷೇತ್ರ ಬೆಂಗಳೂರಿನ ಉತ್ತರ ಅಂಚಿನದು. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಹಳೆಯ ಹಳ್ಳಿಗಳ ಹೊಲಗಳ ಮೇಲೆ ಎದ್ದ ಮೂರಂತಸ್ತಿನ ಮನೆಗಳು. ಮಹಿಳೆಯರ ಮತ್ತು ಮಕ್ಕಳ ಕಲ್ಯಾಣವನ್ನು ನೋಡಿಕೊಳ್ಳುವ ಸದನ ಸಮಿತಿಗೂ ನನ್ನನ್ನು ಹಾಕಿದ್ದರು. ಹೆಂಗಸು ಗೆದ್ದು ಬಂದರೆ ಆ ಸಮಿತಿ ತಪ್ಪಿದ್ದಲ್ಲ. ಮೊದಲು ಮುನಿಸಿಕೊಂಡಿದ್ದೆ, ಬರಬರುತ್ತಾ ನನ್ನ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ.

ಶಾಸಕರ ಮನೆ ಮುಂದೆ ಬೆಳಿಗ್ಗೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಚರಂಡಿ, ಬೋರ್‌ವೆಲ್, ಶಾಲೆಯ ಸೀಟು, ಇವುಗಳ ಜೊತೆಗೆ ಗಂಡ ಹೆಂಡತಿಯ ಜಗಳವೂ ಬರುತ್ತದೆ. ಎರಡೂ ಕಡೆಯ ಹಿರಿಯರು ಎದುರುಬದುರು ಕೂರುತ್ತಾರೆ, ಕಾಫಿ ಬರುತ್ತದೆ, ಗಂಡನಿಗೆ ನಾಲ್ಕು ಬೈಗುಳ, ಹೆಂಡತಿಗೆ ‘ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ’ ಎಂಬ ಬುದ್ಧಿಮಾತು. ಇದಕ್ಕೆ ರಾಜಿ ಎಂದು ಹೆಸರು. ಏಟು ತಿಂದವಳು ಏಟು ಕೊಟ್ಟವನ ಬೈಕಿನ ಹಿಂದೆಯೇ ಕೂತು ಮನೆಗೆ ಹೋಗುತ್ತಾಳೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೊಡೆತ ಬಡಿತದ ವಿಷಯದಲ್ಲಿ ನಮ್ಮ ಮನೆಯಲ್ಲಿ ರಾಜಿ ಇಲ್ಲ ಎಂದು ಗೆದ್ದ ವಾರವೇ ನನ್ನ ಆಪ್ತ ಸಹಾಯಕ ನಂಜುಂಡನಿಗೆ ಹೇಳಿಬಿಟ್ಟಿದ್ದೆ.

ಪುಷ್ಪಾ ಬಂದದ್ದು ಒಂದು ಸೋಮವಾರ. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳು, ಮೂವತ್ತರ ಆಸುಪಾಸು. ಗಂಡ ಲೋಕೇಶ ತಿರುಚಿದ ಎಡಗೈ ಮಣಿಕಟ್ಟು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಹೊಡೆತ ತಾಳಲಾರದೆ ಮನೆ ಬಿಟ್ಟು ಮಾಕಳಿಯಲ್ಲಿದ್ದ ತಂಗಿಯ ಮನೆ ಸೇರಿದ್ದಳು. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ರೆಸಿಡೆನ್ಸ್ ಆರ್ಡರ್ ಕೂಡ ಪಡೆದಿದ್ದಳು. ಹಾಗೆಂದರೆ, ಗಂಡನ ಜೊತೆ ಬಾಳಿದ ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸಲು ಹೆಂಡತಿಗಿರುವ ಹಕ್ಕನ್ನು ಕೋರ್ಟ್ ಕಾಪಾಡುವ ಆದೇಶ. ಬೇಕಾದರೆ ಹೊಡೆದವನನ್ನೇ ಹೊರಗಿರು ಎನ್ನಬಹುದು. ಅದನ್ನು ಜಾರಿಗೆ ತರಲು ನೆರವಾಗುವವರು ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಂರಕ್ಷಣಾಧಿಕಾರಿ. ಪುಷ್ಪಾಗೆ ಸಿಕ್ಕ ಆದೇಶದಂತೆ ಬಾಗಲಗುಂಟೆಯ ಮನೆಯ ಮೊದಲ ಮಹಡಿಯಲ್ಲಿ ಅವಳಿರಬೇಕು, ಲೋಕೇಶ ಅಲ್ಲಿಗೆ ಕಾಲಿಡುವಂತಿಲ್ಲ.

“ಆರ್ಡರ್ ಇದೆ ಮೇಡಂ. ಮನೇನೇ ಇಲ್ಲ,” ಎಂದಳು.

ಪೊಲೀಸರು ಒಮ್ಮೆ ಜೀಪಿನಲ್ಲಿ ಕರೆದೊಯ್ದು ಬಿಟ್ಟುಬಂದಿದ್ದರಂತೆ. ಜೀಪು ತಿರುವು ದಾಟಿದ್ದೇ ತಡ, ಕೆಳಗಿನ ಮನೆಯಲ್ಲಿದ್ದ ಭಾವ, ಎಂದರೆ ಲೋಕೇಶನ ಅಣ್ಣ, ಮೇಲಿನ ನೀರಿನ ವಾಲ್ವ್ ಮುಚ್ಚಿದ್ದ. ಅಡುಗೆಮನೆಯಲ್ಲಿ ಸ್ಟವ್ ಇರಲಿಲ್ಲ. ಇಡೀ ಬೀದಿ ಕಿಟಕಿಯಿಂದ ನೋಡಿತೇ ಹೊರತು ಒಬ್ಬರೂ ಒಂದು ಲೋಟ ನೀರು ಕೊಡಲಿಲ್ಲ. ಸಂಜೆಯ ಹೊತ್ತಿಗೆ ಅವಳು ಬಟ್ಟೆಯ ಚೀಲ ಹಿಡಿದು ಮಾಕಳಿಗೆ ವಾಪಸ್ಸಾಗಿದ್ದಳು, ಗೇಟಿಗೆ ಬೀಗ ಬಿದ್ದಿತ್ತು.

ಆ ಭಾವನ ಹೆಸರು ಕೇಳಿದೆ. ಕೆಂಪರಾಜು. ಆ ಬಡಾವಣೆಯಲ್ಲಿ ನಮ್ಮ ಪಕ್ಷದ ಲೀಡರ್, ಚುನಾವಣೆಯಲ್ಲಿ ನನಗಾಗಿ ಮನೆ ಮನೆ ಸುತ್ತಿದ ಮನುಷ್ಯ.

ಶಾಸಕರ ಕೈಗೆ ಮೊದಲು ಸಿಗುವ ಆಯುಧ ಫೋನ್. “ಸ್ಟೇಷನ್‌ಗೆ ನಾನೇ ಹೇಳ್ತೀನಮ್ಮ, ನಾಳೆ ಇನ್ನೊಂದ್ಸಲ ಕರ್ಕೊಂಡು ಹೋಗ್ತಾರೆ,” ಎಂದೆ.

“ಬೇಡ ಮೇಡಂ. ಜೀಪಲ್ಲಿ ಹೋದ್ರೆ ಕದ್ದು ಸಿಕ್ಕಾಕ್ಕೊಂಡೋಳ ಥರ ನೋಡ್ತಾರೆ. ನಾನು ಹಾಲುಕ್ಕಿಸಿ ಒಳಗೆ ಹೋಗ್ಬೇಕು. ನೀವು ಬರ್ತೀರಾ?”

ನಮ್ಮ ಕಡೆ ಬಾಡಿಗೆಯ ಒಂದೇ ಕೋಣೆಗೆ ಹೋಗುವವರೂ ಮೊದಲು ಒಲೆ ಹಚ್ಚಿ ಹಾಲು ಉಕ್ಕಿಸುತ್ತಾರೆ. ಪುಷ್ಪಾ ಮದುವೆಯಾಗಿ ಬಂದಾಗ ಅದು ಅತ್ತೆಯ ಮನೆ, ಆ ಭಾಗ್ಯ ಅವಳಿಗೆ ಇರಲಿಲ್ಲ. ಈಗ ನಿನ್ನ ಮನೆ ಎಂದು ಕೋರ್ಟ್ ಹೇಳಿದ ಮೇಲೆ ಹಾಲು ಉಕ್ಕಬೇಕು, ನಾಲ್ಕು ಜನ ನೋಡಬೇಕು. ಇಷ್ಟೇ ಅವಳ ಆಸೆ. ಶಾಸಕಿಯಾದ ಮೇಲೆ ನಾನು ಹೋದಷ್ಟು ಗೃಹಪ್ರವೇಶಗಳಿಗೆ ಪುರೋಹಿತರೂ ಹೋಗಿರಲಿಕ್ಕಿಲ್ಲ. ಎಲ್ಲ ಕಡೆ ಕೇಸರಿಬಾತ್ ತಿಂದು, ಫೋಟೋಗೆ ನಿಂತು ಬಂದದ್ದೇ ಬಂತು. ಅದರಿಂದ ಒಬ್ಬರಿಗೆ ನಿಜವಾದ ಉಪಯೋಗ ಆಗಬಹುದು ಎಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ. ಬರುತ್ತೇನೆ ಎಂದೆ.

ಅವಳು ನಮ್ಮ ಮನೆಗೆ ಬಂದ ಸುದ್ದಿ ಕೆಂಪರಾಜುವಿಗೆ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಬಂದು ನನ್ನೆದುರು ಕೂತ.

“ಅಕ್ಕಾ, ನಮ್ ಮನೆ ವಿಷ್ಯ ಬೀದಿಗೆ ಬರೋದ್ ಬೇಡ. ಇಬ್ರನ್ನೂ ಕೂರ್ಸಿ ರಾಜಿ ಮಾಡ್ಸಿಬಿಡಿ,” ಎಂದ.

“ಕೋರ್ಟ್ ಹೇಳಿ ಆಗಿದೆ ಕಣಪ್ಪ. ಅದರ ಮೇಲೆ ರಾಜಿ ಮಾಡ್ಸೋಕೆ ನಾನ್ಯಾರು?”

“ನಮ್ ರೋಡಿನ ವೋಟು ಯಾರ್ ಹಾಕ್ಸೋದು ಅನ್ನೋದು ನೆನಪಿರ್ಲಿ ಅಕ್ಕಾ,” ಎಂದು ನಗುತ್ತಲೇ ಹೇಳಿ ಎದ್ದುಹೋದ. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಸಿಟ್ಟು ಬಂದರೆ ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ.

ಸಂರಕ್ಷಣಾಧಿಕಾರಿ ಸುಧಾಮಣಿಯವರನ್ನು ಕರೆಸಿ ಮಾತಾಡಿದೆ. ಅಂಗನವಾಡಿಗಳ ಹೊಣೆಯೂ ಅವರ ತಲೆಯ ಮೇಲೇ ಇತ್ತು, ಆದರೂ ಶುಕ್ರವಾರ ಬೆಳಿಗ್ಗೆ ಬಿಡುವು ಮಾಡಿಕೊಂಡರು. ಪೊಲೀಸರು ಬೇಡವೇ ಬೇಡ ಎಂದಲ್ಲ. ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳು ಸೀರೆಯುಟ್ಟು ನೆಂಟರಂತೆ ಬರುವುದೆಂದಾಯಿತು. ನನ್ನ ವಾರದ ಕಾರ್ಯಕ್ರಮಗಳನ್ನು ಪಕ್ಷದ ವಾಟ್ಸಾಪ್ ಗುಂಪಿಗೆ ಹಾಕುವುದು ನಂಜುಂಡನ ರೂಢಿ. ಮನೆಯ ಹೆಸರು ಬಿಟ್ಟು ಹಾಕು ಎಂದೆ. ಅವನು ಬಡಾವಣೆ ಮತ್ತು ಅಡ್ಡರಸ್ತೆ ಬರೆದು, ಮುಂದೆ ಗೃಹಪ್ರವೇಶ ಎಂದಷ್ಟೇ ಹಾಕಿದ.

ಶುಕ್ರವಾರ ಕಾರು ಆ ಅಡ್ಡರಸ್ತೆಗೆ ತಿರುಗಿದಾಗ ನಂಜುಂಡ ಸಣ್ಣ ದನಿಯಲ್ಲಿ “ಅಯ್ಯೋ ಮೇಡಂ” ಎಂದ. ತಲೆಯೆತ್ತಿ ನೋಡಿದರೆ ಎರಡು ಕಂಬಗಳ ನಡುವೆ ದೊಡ್ಡ ಫ್ಲೆಕ್ಸ್. ಗೃಹಪ್ರವೇಶಕ್ಕೆ ಆಗಮಿಸುತ್ತಿರುವ ನಮ್ಮ ನೆಚ್ಚಿನ ಶಾಸಕಿಗೆ ಹಾರ್ದಿಕ ಸ್ವಾಗತ. ಕೆಳಗೆ ನನ್ನ ಫೋಟೋಗಿಂತ ಒಂದು ಗೇಣು ದೊಡ್ಡದಾಗಿ ಕೆಂಪರಾಜು, ಕೈಮುಗಿದುಕೊಂಡು. ಶಾಸಕರು ರಸ್ತೆಗೆ ಬರುತ್ತಾರೆಂದರೆ ಫ್ಲೆಕ್ಸ್ ಏಳಬೇಕು, ಅದರಲ್ಲಿ ಲೀಡರ್ ಇರಬೇಕು ಎಂಬುದು ಅವನ ಹಿಂಬಾಲಕರಿಗೆ ಬಾಯಿಪಾಠ. ಯಾರ ಗೃಹಪ್ರವೇಶ ಎಂದು ಒಬ್ಬನೂ ಕೇಳಿರಲಿಲ್ಲ. ಬೇರೆ ದಿನವಾಗಿದ್ದರೆ ಫ್ಲೆಕ್ಸ್ ಹಾಕಿದ್ದಕ್ಕೆ ಬೈದು ಅಲ್ಲೇ ಬಿಚ್ಚಿಸುತ್ತಿದ್ದೆ. ಅಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಕಾರಿನಿಂದ ಇಳಿದಾಗ ಕೆಂಪರಾಜು ಗಂಧದ ಹಾರ, ಶಾಲು, ಮೈಸೂರು ಪೇಟ ಹಿಡಿದು ಸಿದ್ಧನಾಗಿದ್ದ. ಬೀದಿಯ ಜನವೆಲ್ಲ ಹೊರಗಿತ್ತು, ಸೀರೆಯುಟ್ಟ ಕಾನ್‌ಸ್ಟೆಬಲ್‌ಗಳಿಬ್ಬರೂ ಅವರ ನಡುವೆ ನಿಂತಿದ್ದರು. “ಯಾರ್ ಮನೆಗೆ ಅಕ್ಕಾ?” ಎಂದು ಅವನು ಕೇಳುವುದಕ್ಕೂ ಹಿಂದಿನ ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಸುಧಾಮಣಿ ಇಳಿದರು, ಪುಷ್ಪಾಳ ತಂಗಿ ಇಳಿದಳು, ಕೊನೆಗೆ ಹಾಲಿನ ಪಾತ್ರೆ ಎದೆಗವಚಿಕೊಂಡು ಪುಷ್ಪಾ.

ಕೆಂಪರಾಜುವಿನ ಮುಖದ ಬಣ್ಣ ಇಳಿಯಿತು. ಸುಧಾಮಣಿ ಕೋರ್ಟಿನ ಆದೇಶವನ್ನು ಬೀದಿಗೆ ಕೇಳುವ ಹಾಗೆ ಓದಿ ಹೇಳಿದರು.

“ಗೇಟ್ ತೆಗೀರಿ ಕೆಂಪರಾಜು,” ಎಂದು ಫ್ಲೆಕ್ಸಿನ ಕಡೆ ಕೈ ತೋರಿಸಿದೆ. “ಕರೆದಿರೋರು ನೀವೇ ಅಲ್ವಾ?”

ಹಿಂದೆ ಯಾರೋ ಕಿಸಕ್ಕೆಂದರು. ಅವನು ಬೀದಿಯನ್ನೊಮ್ಮೆ ನೋಡಿದ. ಎಲ್ಲರ ಕೈಯಲ್ಲೂ ಮೊಬೈಲ್. ಹಾರವನ್ನು ನನ್ನ ಕಾರಿನ ಬಾನೆಟ್ ಮೇಲಿಟ್ಟು, ಜೇಬಿನಿಂದ ಬೀಗದ ಕೈ ತೆಗೆದ.

ಮೇಲಿನ ಅಡುಗೆಮನೆಯಲ್ಲಿ ಸ್ಟವ್ ಈಗಲೂ ಇರಲಿಲ್ಲ. ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ ಎದುರು ಮನೆಯ ಮುಮ್ತಾಜ್ ಬೀ ಮೆಟ್ಟಿಲಲ್ಲಿ ನಿಂತು, “ಒಲೆ ಇಲ್ದೆ ಹಾಲ್ ಹೆಂಗ್ ಉಕ್ಕುತ್ತೆ? ನಮ್ದು ಚೂಲಾ ತರ್ತೀನಿ ಇರಿ,” ಎಂದರು. ಅಳಿಯನ ಕೈಲಿ ಸಿಲಿಂಡರ್ ಹೊರಿಸಿ, ತಾವು ಸ್ಟವ್ ಎತ್ತಿಕೊಂಡು ಬಂದರು. ಅದನ್ನು ಕಟ್ಟೆಯ ಮೇಲಿಟ್ಟು ಪುಷ್ಪಾಳ ಕೈ ಹಿಡಿದರು.

“ಅವತ್ತೇ ಬರ್ಬೇಕಿತ್ತು ಬೇಟಿ. ಧೈರ್ಯ ಆಗ್ಲಿಲ್ಲ.”

“ಇವತ್ತು ಬಂದ್ರಲ್ಲ,” ಎಂದಳು ಪುಷ್ಪಾ.

ಅಲ್ಲಿಂದ ಮುಂದೆ ನನಗೆ ಕೆಲಸವೇ ಇರಲಿಲ್ಲ. ಒಬ್ಬರು ಸಕ್ಕರೆ ತಂದರು, ಒಬ್ಬರು ಊದುಬತ್ತಿ, ಮತ್ತೊಬ್ಬರು ಪೊರಕೆ ಹಿಡಿದು ಕೋಣೆ ಗುಡಿಸತೊಡಗಿದರು. ಒಣಗಿದ್ದ ನಲ್ಲಿ ಎರಡು ಸಲ ಕೆಮ್ಮಿ ನೀರು ಬಿಟ್ಟಿತು. ಕೆಳಗೆ ಬಗ್ಗಿ ನೋಡಿದೆ. ವಾಲ್ವ್ ತಿರುಗಿಸಿದವಳು ಕೆಂಪರಾಜುವಿನ ಹೆಂಡತಿ. ಗಂಡ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಾಗ ಪುಷ್ಪಾ ಅತ್ತಳು. ನಾನೂ ಅತ್ತೆ. ವಿಧಾನಸೌಧದಲ್ಲಿ ಎಷ್ಟು ಕೂಗಾಡಿದರೂ ಒಂದು ಹನಿ ಬರದ ಕಣ್ಣು ನನ್ನದು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಲೋಕೇಶನ ಮೇಲಿನ ಕೇಸು ತನ್ನ ಪಾಡಿಗೆ ನಡೆಯಿತು, ಅವನು ಆ ಬೀದಿಗೆ ಬರಲಿಲ್ಲ. ಬಂದರೆ ಹೇಳಲು ಹತ್ತು ಮನೆಯವರಿದ್ದರು. ಸಂರಕ್ಷಣಾಧಿಕಾರಿಗಳಿಗೆ ಬೇರೆ ಹೊರೆ ಇರಬಾರದೆಂದು ಸದನದಲ್ಲಿ ಕೇಳಿದೆ, ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಮತ್ತೆ ಮತ್ತೆ ಕೇಳಿದೆ. ಆದೇಶ ಹಿಡಿದು ಮನೆಗೆ ಮರಳುವ ಹೆಂಗಸರು ಕರೆದಲ್ಲೆಲ್ಲ ಹಾಲು ಉಕ್ಕಿಸಲು ಹೋದೆ. ಮುಂದಿನ ಚುನಾವಣೆಯಲ್ಲಿ ಕೆಂಪರಾಜು ಕೈಕೊಟ್ಟ, ನಾನು ಸೋತೆ. ಅವನೊಬ್ಬನಿಂದಲೇ ಸೋತೆ ಎಂದರೆ ಅವನಿಗೆ ಹೆಚ್ಚು ಮರ್ಯಾದೆ ಕೊಟ್ಟಂತಾಗುತ್ತದೆ. ಕಾನೂನು ಮಾಡುವವರು ನಾವು, ಮನೆಗೆ ತಲುಪಿಸುವವರು ಅಧಿಕಾರಿಗಳು, ಆದರೆ ಅದನ್ನು ದಿನಾ ಕಾಯುವುದು ಎದುರು ಮನೆಯವರು. ಅವರನ್ನು ಹೊರಗೆ ಬರಮಾಡುವುದೂ ಶಾಸಕರ ಕೆಲಸವೇ ಎಂದು ನಾನು ಕಲಿತದ್ದು ಆ ಅಡುಗೆಮನೆಯಲ್ಲಿ.

ಅಂದು ಎಲ್ಲರಿಗೂ ಲೋಟದಲ್ಲಿ ಹಾಲು ಕೊಟ್ಟಾಯಿತು. ಯಾರಿಗೂ ಏಳುವ ಮನಸ್ಸಿಲ್ಲ, ಮಾತೋ ಮಾತು. ಪುಷ್ಪಾ ನನ್ನ ಹತ್ತಿರ ಬಂದು ಸಂಕೋಚದಿಂದ ಹೇಳಿದಳು.

“ಮೇಡಂ, ತಪ್ಪು ತಿಳ್ಕೋಬೇಡಿ. ಎಲ್ರೂ ಹೊರಡ್ತೀರಾ? ಬಾಗ್ಲು ಹಾಕ್ಕೊಂಡು ಸ್ವಲ್ಪ ಹೊತ್ತು ಮಲಗ್ಬೇಕು.”

ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬಂದೆ. ಬಾಗಿಲು ಮುಚ್ಚಿತು, ಒಳಗೆ ಚಿಲಕ ಬಿತ್ತು. ಟೇಪು ಕತ್ತರಿಸಿ ನಾನು ತೆರೆದ ಬಾಗಿಲುಗಳಿಗೆ ಲೆಕ್ಕವಿಲ್ಲ, ಎಲ್ಲದರ ಮೇಲೂ ನನ್ನ ಹೆಸರಿನ ಕಲ್ಲಿದೆ. ಆದರೂ ನನ್ನ ಮುಖದೆದುರೇ ಮುಚ್ಚಿದ ಆ ಬಾಗಿಲನ್ನು ನೋಡಿದಷ್ಟು ಖುಷಿಯಿಂದ ಬೇರೆ ಯಾವುದನ್ನೂ ನಾನು ನೋಡಿಲ್ಲ.