ಒಂದು ವೋಲ್ಟಿಗೆ ಹೆದರಿದ ಮಧ್ಯಾಹ್ನ

ಹೋದ ಸೋಮವಾರ ಮಧ್ಯಾಹ್ನ ನಾನೊಂದು ಬಟನ್ ಒತ್ತಿದೆ. ಒಂದೇ ಒಂದು. ಅದರಿಂದ ಯಲಬುರ್ಗಾದ ಮಾಸ್ತರೊಬ್ಬರ ಮನೆಯ ಗೋಡೆ ಎರಡು ಅಡಿ ಸರಿಯಿತು.

ನನ್ನ ಹೆಂಡತಿ ಸುನಂದಾ ಭಾಗ್ಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮನೆಗಳ ಪ್ಲಾನ್ ಹಾಕಿಕೊಡುತ್ತಾಳೆ. ಈಗ ಬರೀ ಪ್ಲಾನ್ ಯಾರಿಗೆ ಬೇಕು? ಕಟ್ಟುವ ಮೊದಲೇ ಮನೆಯೊಳಗೆ ಓಡಾಡಿ ಬಂದಂಥ ವಿಡಿಯೋ ಬೇಕು. ಆ ವಿಡಿಯೋ ತಯಾರಿಸುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್. ಕೆಲಸ ಬೇಗ ಮುಗಿಯಲೆಂದು ಸುನಂದಾ ಅದರ ವೇಗವನ್ನು ಕಂಪನಿ ಇಟ್ಟಿದ್ದಕ್ಕಿಂತ ಏರಿಸಿದ್ದಾಳೆ. (ಇದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರಂತೆ. ಕೇಳಿದ ದಿನವೇ ನಾನು ಒಂದು ಬಕೆಟ್ ಮರಳು ತಂದು ಟೇಬಲ್ ಕೆಳಗಿಟ್ಟೆ.)

ಅಂದು ಸಂಜೆ ಐದಕ್ಕೆ ಮಾಸ್ತರು ಹೆಂಡತಿಯೊಂದಿಗೆ ಬರುವವರಿದ್ದರು. ಸರ್ವಿಸ್ ಪೂರ್ತಿ ಬಾಡಿಗೆ ಮನೆಗಳಲ್ಲೇ ಕಳೆದವರ ಮೊದಲ ಸ್ವಂತ ಮನೆ. ಮರುದಿನವೇ ಪಾಯ. ಏನಾದರೂ ಬದಲಿಸುವುದಿದ್ದರೆ ಅಂದೇ ಹೇಳಬೇಕು.

ಸುನಂದಾ ವಿಡಿಯೋ ತಯಾರಾಗಲು ಬಿಟ್ಟು, ಪ್ರಿಂಟ್ ತರಲು ಕೊಪ್ಪಳದ ಬಜಾರಿಗೆ ಹೊರಟಳು.

"ನಾಕಕ್ಕ ಮುಗಿತೈತಿ. ವೋಲ್ಟೇಜ್ ಇಳಿಸೀನಿ, ಏನೂ ಆಗಂಗಿಲ್ಲ. ಮುಟ್ಟಬ್ಯಾಡ್ರಿ ಮತ್ತ."

ಏನೂ ಆಗಂಗಿಲ್ಲ ಎಂದು ಯಾರಾದರೂ ಅಂದರೆ ನನಗೆ ಏನೇನೋ ಆಗತೊಡಗುತ್ತದೆ. ಅದರಲ್ಲೂ ವೋಲ್ಟೇಜ್ ಇಳಿಸೀನಿ ಅಂದರೆ? ನಾನು ತಳಕಲ್ಲಿನಲ್ಲಿ ಬೆಳೆದವನು. ಅಲ್ಲಿ ವೋಲ್ಟೇಜ್ ಇಳಿಯಿತೆಂದರೆ ಬೋರ್‌ವೆಲ್ ಮೋಟಾರು ಸುಟ್ಟಿತೆಂದೇ ಅರ್ಥ. ಅಪ್ಪ ಬಲ್ಬಿನ ಬೆಳಕು ಕೆಂಪಗಾದದ್ದು ನೋಡಿ ಮೋಟಾರು ಬಂದ್ ಮಾಡಲು ಹೊಲಕ್ಕೆ ಓಡುತ್ತಿದ್ದರು. ನಾನೂ ಓಡಿದೆ, ಕಂಪ್ಯೂಟರಿನ ಹತ್ತಿರ. ಪರದೆಯ ಮೂಲೆಯಲ್ಲಿ 'ರೀಸೆಟ್' ಇತ್ತು.

ಸುನಂದಾ ಮೂರಕ್ಕೆ ಬಂದಾಗ ಕಾರ್ಡಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ವಿಡಿಯೋ ನಡುವೆ ನಿಂತು ಮೊದಲಿಂದ ಶುರುವಾಗಿತ್ತು; ಇನ್ನೂ ಒಂಬತ್ತು ತಾಸು ಬೇಕೆಂದು ಪರದೆ ತೋರಿಸುತ್ತಿತ್ತು.

"ಏನ್ ಮುಟ್ಟೀರಿ?"

"ಏನಿಲ್ಲ."

"ಖರೇ ಹೇಳ್ರಿ."

"ರೀಸೆಟ್ ಒತ್ತೀನಿ. ಕಡಿಮಿ ವೋಲ್ಟೇಜಿಗೆ ಎಲ್ಲಿ ಸುಟ್ಟೀತು ಅಂತ..."

"ಇದನ್ನೇನ್ ನಿಮ್ಮ ಬೋರಿನ ಮೋಟಾರ್ ಅಂತ ತಿಳಕೊಂಡೀರೇನು?"

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬದಲಿಗೆ ತಿಳಿಸಿ ಹೇಳಿದಳು. ನಮ್ಮ ಬೇಸಿಗೆಗೆ ಕಾರ್ಡ್ ಕಾದು ಬಿಸಿಯಾಗುತ್ತದೆ. ಕಾದರೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ವೋಲ್ಟೇಜ್ ಇಳಿದರೆ ಬಿಸಿಯೂ ಇಳಿಯುತ್ತದೆ. ಅದಕ್ಕೆ ಅವಳು ಒಂದು ವಾರ ಕೂತು, ವೇಗ ಹಾಗೇ ಇಟ್ಟು ವೋಲ್ಟೇಜನ್ನು ಮಾತ್ರ ಚೂರು ಚೂರೇ ಇಳಿಸಿದ್ದಳು. ಪ್ರತಿ ಸಲ ಓಡಿಸಿ, ಬಿಸಿ ನೋಡಿ, ಚಿತ್ರ ಒಡೆದರೆ ಒಂದು ಹೆಜ್ಜೆ ಹಿಂದೆ. ಅದಿಷ್ಟನ್ನೂ ನಾನು ಅರೆಕ್ಷಣದಲ್ಲಿ ಅಳಿಸಿದ್ದೆ. ಅಷ್ಟಕ್ಕೂ ಅಲ್ಲಿದ್ದ ವೋಲ್ಟೇಜ್ ಎಷ್ಟು? ಒಂದರ ಆಚೀಚೆ! ಗೋಡೆ ಗಡಿಯಾರದ ಸೆಲ್ಲಿಗಿಂತ ಕಡಿಮೆ.

"ಹೋದ ವಾರದ ನಂಬರ್ ನೆನಪೈತಲ್ಲ, ಸೀದಾ ಅದನ್ನ ಹಾಕಿಬಿಡು," ಎಂದೆ.

"ಇವತ್ತ ಸೆಕಿ ಭಾಳ ಐತಿ. ನಡುವ ನಿಂತ್ರ ಮತ್ತ ಮೊದಲಿಂದ. ಕುಂದರ್ರಿ ಇಲ್ಲೆ, ಟೆಂಪರೇಚರ್ ಓದ್ರಿ."

ಓದಿದೆ. ಎಂಬತ್ತೆರಡು. ಇಳಿಸಿದಳು. ಎಪ್ಪತ್ತೈದು. ಇನ್ನಷ್ಟು ಇಳಿಸಿದಳು. ಎಪ್ಪತ್ತು. ಇವಳಿಗೆ ಹೆದರಿಕೆಯೇ ಇಲ್ಲ ಎಂದುಕೊಂಡಿದ್ದೆ. ಇದೆ. ಆದರೆ ಅವಳ ಹೆದರಿಕೆ ನಿಂತು, ಬಿಸಿ ನೋಡಿ, ಮುಂದಿನ ಹೆಜ್ಜೆ ಇಡುತ್ತದೆ. ನನ್ನದು ಬಟನ್ ಒತ್ತಿಬಿಡುತ್ತದೆ.

ಐದಕ್ಕೆ ಮಾಸ್ತರ ದಂಪತಿ ಬಂದಾಗ ತಯಾರಾಗಿದ್ದು ಅಡುಗೆಮನೆಯ ವಿಡಿಯೋ ಮಾತ್ರ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಸೇರಿಕೊಂಡು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ.

ಮಾಸ್ತರ ಹೆಂಡತಿ ಆ ಅಡುಗೆಮನೆಯನ್ನು ಮೂರು ಸಲ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಯವ್ವಾ, ನಾ ಕುಂತು ರೊಟ್ಟಿ ಬಡಿಯಾಕ ಜಾಗಾ ಎಲ್ಲೈತಿ?"

ಇರಲಿಲ್ಲ. ಬರೀ ನಿಂತು ಮಾಡುವ ಕಟ್ಟೆ ಇತ್ತು. ಸುನಂದಾ ಪೆನ್ಸಿಲ್ ಹಿಡಿದು ಪ್ಲಾನಿನ ಗೋಡೆಯನ್ನು ಎರಡು ಅಡಿ ಆಚೆ ಸರಿಸಿದಳು.

ಮಾಸ್ತರು ಗಾಬರಿಯಾದರು. "ಅಲ್ಲವ್ವಾ, ಹಾಲ್ ಸಣ್ಣದಾಕೈತಲ್ಲ!"

"ಹಾಲ್ ಎಲ್ಲೈತ್ರಿ?" ಅಂದರು ಹೆಂಡತಿ. "ನಂಗಂತೂ ಕಾಣಲಿಲ್ಲ."

ಸುನಂದಾ ನಕ್ಕ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳಿತು. ನಾನು ಧೈರ್ಯ ಮಾಡಿ ಚಹಾ ತಂದೆ. ಇಡೀ ಮನೆಯ ವಿಡಿಯೋ ಒಟ್ಟಿಗೆ ಓಡಿದ್ದರೆ, ಹಾಲ್‌ನ ಚೆಂದ ನೋಡುತ್ತ ಆ ತಾಯಿ ಸುಮ್ಮನಾಗುತ್ತಿದ್ದರೇನೋ. (ಇದನ್ನು ನನ್ನ ಸಾಧನೆ ಎಂದು ಹೇಳಲು ಹೋಗಿ ಸುನಂದಾಳ ಮುಖ ನೋಡಿ ನಿಲ್ಲಿಸಿದೆ.)

ಈಗ ಸೆಟ್ಟಿಂಗ್ಸ್ ಸೇವ್ ಆಗಿದೆ. ಮೌಸ್ ಮುಟ್ಟಲು ನನಗೆ ಅನುಮತಿ ಇಲ್ಲ. ಆದರೆ ಟೆಂಪರೇಚರ್ ಓದುವ ಕೆಲಸ ಕಾಯಂ ಆಗಿದೆ. ಎಂಬತ್ತಾದರೆ ಕೂಗಬೇಕಂತೆ.

ಎಪ್ಪತ್ತೆರಡಕ್ಕೇ ಕೂಗಿದರೆ ತಪ್ಪೇನು, ನೀವೇ ಹೇಳಿ?