ಹೇಮಾ ಕಟ್ಟಿಕೊಂಡ ಪರದೆ

ಹೊನ್ನಾವರದ ಹತ್ತಿರದ ಕಾಸರಕೋಡದ ಹೇಮಾ ಹರಿಕಂತ್ರ ಕುಮಟಾದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸಕ್ಕಿದ್ದಳು. ಬ್ಯಾನರಿನ ಮೇಲೆ ಹಲ್ಲು ಕಿರಿಯುವ ಮುಖಗಳನ್ನು ನೋಡಿ ನೋಡಿ ಅವಳಿಗೆ ವಾಕರಿಕೆ ಬರುತ್ತಿತ್ತು. ಬರೀ ಮಾತಿಗೆ ಹೇಳುವುದಲ್ಲ, ಯಾವನಾದರೂ ಪುಢಾರಿಯ ಹುಟ್ಟುಹಬ್ಬದ ಬ್ಯಾನರ್ ಮಾಡಿದ ದಿನ ಅವಳ ಊಟದ ಡಬ್ಬಿ ಹಾಗೆಯೇ ಮನೆಗೆ ವಾಪಸು ಹೋಗುತ್ತಿತ್ತು. ಗಲ್ಲ ಸಣ್ಣ ಮಾಡು, ಬಣ್ಣ ಬಿಳಿ ಮಾಡು, ತಲೆಗೆ ಕೂದಲು ಹಾಕು ಎನ್ನುತ್ತಿದ್ದರು ಗಿರಾಕಿಗಳು. ಸತ್ತವರ ಶ್ರದ್ಧಾಂಜಲಿ ಬ್ಯಾನರಾದರೆ ಇನ್ನೂ ಹೇಸಿಗೆ. ಗುರುತಿನ ಚೀಟಿಯಲ್ಲಿದ್ದ ಮುಖವನ್ನು ಕತ್ತರಿಸಿ, ಇಂಟರ್‌ನೆಟ್ಟಿನಿಂದ ತೆಗೆದ ಯಾರದೋ ಕೋಟಿನ ಮೇಲೆ ಕೂರಿಸಬೇಕು. ಮಾಲೀಕ ನಾಗಭೂಷಣನಿಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಅದೇ ಒಂದು ನೀಲಿ ಕೋಟು ತೊಟ್ಟು ತಾಲ್ಲೂಕಿನ ಎಷ್ಟೋ ಮಂದಿ ಸ್ವರ್ಗಸ್ಥರಾಗಿದ್ದರು.

ಹೇಮಾ ಚಿತ್ರ ಬರೆಯಬಲ್ಲವಳು. ಬೋಟುಗಳ ಮೂತಿಗೆ ಬಣ್ಣ ಬಳಿಯುವವರ ಪಕ್ಕ ನಿಂತು ಕಲಿತದ್ದು. ಅಂಗಡಿಯ ಮೌಸಿನಲ್ಲಿ ಗೆರೆ ಎಳೆಯುವುದು ಸಾಬೂನಿನ ತುಂಡು ಹಿಡಿದು ಬರೆದ ಹಾಗಿತ್ತು. ಮುಚ್ಚಿಹೋದ ಒಂದು ಫೋಟೋ ಸ್ಟುಡಿಯೋದಿಂದ ಅವಳಿಗೆ ಪೆನ್ ಟ್ಯಾಬ್ಲೆಟ್ ಸಿಕ್ಕಿತ್ತು. ಅದೊಂದು ಕಪ್ಪು ಹಲಗೆ. ಅದರ ಮೇಲೆ ಪೆನ್ನು ಆಡಿಸಿದರೆ ಚಿತ್ರ ಎದುರಿನ ಮಾನಿಟರಿನಲ್ಲಿ ಮೂಡುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಪೆನ್ನು ತಾಗಿದಲ್ಲೇ ಗೆರೆ ಬೀಳುವ ಪರದೆ ಬೇಕೆಂದು ಅವಳ ಆಸೆ. ಅಂಥದ್ದನ್ನು ಕೊಳ್ಳುವುದು ಆಗದ ಮಾತು. ಹಳೇ ಲ್ಯಾಪ್‌ಟಾಪಿನ ಪರದೆ ಬಿಚ್ಚಿ ಆ ಹಲಗೆಯ ಮೇಲೆ ಕೂರಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದೆಂದು ಯೂಟ್ಯೂಬಿನಲ್ಲಿ ನೋಡಿದಳು.

ಜಾಲಿ ಎಂಬ ಊರಿನ ಗುಜರಿ ಅಂಗಡಿಯಲ್ಲಿ ಒಂದು ಲ್ಯಾಪ್‌ಟಾಪ್ ಸಿಕ್ಕಿತು. ಜಗಲಿಯಲ್ಲಿ ಕೂತು ಬಿಚ್ಚಿದರೆ ಒಳಗೆ ಜಿರಲೆಯ ಮೊಟ್ಟೆಗಳು, ಯಾರದೋ ಕೂದಲು, ಕೀಬೋರ್ಡಿನ ಸಂದಿಯಲ್ಲಿ ಒಣಗಿದ ಗುಟ್ಕಾ ರಸ. ಬೋಟು ಕಟ್ಟುವ ಬಡಗಿಯಾದ ಅವಳ ಅಣ್ಣ ದಿನಕರ ಮೂಗು ಮುಚ್ಚಿಕೊಂಡ.

"ಎಂತದೇ ಇದು, ಯಾರೋ ಉಗುಳಿಟ್ಟದ್ದು. ಬಿಸಾಕು."

"ಪರದೆ ಚಲೋ ಅದೆ ಅಣ್ಣ."

ಉಸಿರು ಬಿಗಿಹಿಡಿದು ಸ್ಪಿರಿಟ್ ಹಾಕಿ ಒರೆಸಿದಳು. ಒರೆಸಿದ ಬಟ್ಟೆಯನ್ನು ಹೊಂಡ ತೆಗೆದು ಹುಗಿದಳು.

ಮೊದಲ ಸಲ ಪೆನ್ನು ಮಾತೇ ಕೇಳಲಿಲ್ಲ. ಪರದೆಯ ಬೆನ್ನಿಗಿದ್ದ ತಗಡು ಅಡ್ಡ ಬರುತ್ತಿತ್ತು. ತಗಡು ಕೀಳುವಾಗ ತಂತಿಯ ಬದಲಿಗಿದ್ದ ಕಾಗದದಂಥ ಪಟ್ಟಿ ಹರಿದು ಪರದೆಯೇ ಸತ್ತಿತು. ಮತ್ತೆ ಜಾಲಿ, ಮತ್ತೆ ಅದೇ ಕೊಳಕು. ಎರಡನೆಯದು ಬದುಕಿತು, ಆದರೆ ಅಂಚಿಗೆ ಹೋದಂತೆ ಗೆರೆ ನಡುಗುತ್ತಿತ್ತು. ಪರದೆಯ ಹಿಂದೆ ಮಡಚಿಟ್ಟ ಸರ್ಕಿಟ್ಟಿನ ಪಟ್ಟಿಯೇ ಕಾರಣವೆಂದು ತಿಳಿಯಲು ಮಳೆಗಾಲದ ಅರ್ಧ ಹೋಯಿತು. ಅದನ್ನು ಬಿಡಿಸಿ ಪಕ್ಕಕ್ಕೆ ಚಾಚಿದ ಮೇಲೆ ಗೆರೆ ನೆಟ್ಟಗಾಯಿತು. ದಿನಕರ ಹಲಸಿನ ಹಲಗೆಯ ಚೌಕಟ್ಟು ಮಾಡಿ, ಮೇಲೆ ತೆಳು ಗಾಜು ಕೂರಿಸಿಕೊಟ್ಟ. ಹೇಮಾ ಅದನ್ನು ಅಂಗಡಿಗೆ ಒಯ್ದು ಕಂಪ್ಯೂಟರಿಗೆ ಜೋಡಿಸಿದಳು. "ಇನ್ನು ಕೆಲಸ ಬೇಗ ಆಗ್ತದೆ," ಎಂದ ನಾಗಭೂಷಣ. ಅಷ್ಟೇ.

ಆ ವರ್ಷ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಕಾಸರಕೋಡದ ಜಟ್ಟ ತೀರಿಕೊಂಡ. ಅವನ ಹೆಂಡತಿ ಹೊನ್ನಮ್ಮ ಗಂಡನ ಚಿತ್ರ ಮಾಡಿಸಲು ಅಂಗಡಿಗೆ ಬಂದಾಗ ಅವಳ ಕೈಲಿದ್ದದ್ದು ಮತದಾರರ ಚೀಟಿ ಮಾತ್ರ. ಅದರಲ್ಲಿ ಮುಖವೆಂದರೆ ಒಂದು ಮಸಿ ಗುರುತು.

"ಕೋಟು ಹಾಕಿ ಕೊಡು," ಎಂದ ನಾಗಭೂಷಣ ಒಳಗಿನಿಂದ.

ಹೇಮಾ ಕೇಳಿಸಿದರೂ ಕೇಳಿಸದವಳಂತೆ ಹೊನ್ನಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯತೊಡಗಿದಳು.

"ಕಣ್ಣು ಅಷ್ಟು ದೊಡ್ಡದಲ್ಲ ತಂಗಿ. ಬಿಸಿಲಿಗೆ ಕಿರಿದು ಮಾಡಿಕಂಡೇ ಇರೋರು." ಹೊನ್ನಮ್ಮ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಮೂಗು ಸ್ವಲ್ಪ ಸೊಟ್ಟ."

"ಗಡ್ಡ, ಅಕ್ಕಾ?"

"ಕುರುಚಲು. ವಾರಕ್ಕೊಮ್ಮೆ ತೆಗಿಯೋರು."

ಹೇಮಾ ಅಳಿಸಿ ಬರೆದಳು, ಮತ್ತೆ ಅಳಿಸಿ ಬರೆದಳು. ಕೊನೆಗೊಮ್ಮೆ ಹೊನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಹಾಂ, ಇವ್ರೇ," ಎಂದಳು.

ಕೆಲವು ದಿನ ಕಳೆದು ಬೆಳಿಗ್ಗೆ ಹೇಮಾ ಕೆಲಸಕ್ಕೆ ಹೊರಟಾಗ ಊರಿನ ಬಂದರಿನ ರಸ್ತೆಯಲ್ಲಿ ಹೊಸ ಬ್ಯಾನರ್ ಕಟ್ಟಿತ್ತು. ಬಾಗಿಲಿನಷ್ಟು ದೊಡ್ಡದಾಗಿ ಒಬ್ಬ ಪುಢಾರಿ, ಕೈ ಮುಗಿದು, ಹಲ್ಲು ತೋರಿಸಿಕೊಂಡು. ಅವನ ಮೊಣಕೈ ಕೆಳಗೆ, ಶ್ರದ್ಧಾಂಜಲಿ ಎಂಬ ಅಕ್ಷರಗಳಡಿ, ಊಟದ ತಟ್ಟೆಯಷ್ಟು ಜಾಗದಲ್ಲಿ ಜಟ್ಟ. ಹೇಮಾ ಬರೆದದ್ದೇ, ಆದರೆ ಮೈ ಬೆಳ್ಳಗೆ, ಗಡ್ಡ ಮಾಯ, ಕಣ್ಣು ಅರಳಿಸಿದ್ದು, ಮೇಲೆ ನೀಲಿ ಕೋಟು. ಎದುರಿಗೆ ಹೊನ್ನಮ್ಮ ಮೀನಿನ ಬುಟ್ಟಿ ಕೆಳಗಿಟ್ಟು ನಿಂತಿದ್ದಳು.

"ಇವ್ರು ಯಾರು ತಂಗಿ?"

ಹೇಮಾ ರಸ್ತೆಯಂಚಿಗೆ ಹೋಗಿ ಬಾಯಿಗೆ ಬಂದ ಹುಳಿನೀರು ಉಗುಳಿದಳು. ಅಲ್ಲಿಂದ ನೇರ ಕುಮಟಾದ ಬಸ್ಸು ಹತ್ತಿದಳು.

"ಯಾರನ್ನ ಕೇಳಿ ಆ ಚಿತ್ರ ಕೊಟ್ರಿ ಸರ್?"

"ಎಂತ ಕೇಳೂದು? ಫೈಲು ನಮ್ಮ ಕಂಪ್ಯೂಟರಲ್ಲೇ ಇತ್ತಲ್ಲ," ಎಂದ ನಾಗಭೂಷಣ. "ಸತ್ತವನಿಗೂ ಒಂದು ಮರ್ಯಾದೆ ಆತು."

"ಕಣ್ಣು ಯಾಕೆ ಅಗಲ ಮಾಡಿದ್ರಿ?"

"ನಿದ್ದೆಗಣ್ಣಿನ ಹಾಗೆ ಕಾಣ್ತಿತ್ತು ಮಾರಾಯ್ತಿ."

ಅವನು ಇದನ್ನು ನಗುತ್ತಲೂ ಹೇಳಲಿಲ್ಲ, ಕೆಟ್ಟ ಮನಸ್ಸಿನಿಂದಲೂ ಹೇಳಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಯಿತು. ತಂತಿ ಕಿತ್ತು ಪರದೆಯನ್ನು ಎದೆಗವಚಿಕೊಂಡಳು. ಅದು ಅಂಗಡಿಯ ಸಾಮಾನು ಎಂದು ಅವನು ಬಾಗಿಲಿಗೆ ಅಡ್ಡ ಬಂದ.

"ಇದ್ರೊಳಗಿನ ಜಿರಲೆ ತೆಗ್ದವಳು ನಾನು, ನೀವಲ್ಲ," ಎಂದಳು. ಅವನು ಬದಿಗೆ ಸರಿದ.

ಸಂಜೆ ಮೀನು ಒಣಗಿಸುವ ಹೆಂಗಸರು ಬ್ಯಾನರ್ ಬಿಚ್ಚಿ ತಂದು ಮಗುಚಿ ಹಾಸಿ, ಅದರ ಮೇಲೆ ಬಂಗಡೆ ಹರವಿದರು. ಜಟ್ಟನ ಮುಖವೂ ಅಡಿಗೆ ಬಿತ್ತೆಂದು ಹೇಮಾ ತಡೆಯಲು ಹೋದಳು.

"ಬಿಡು ತಂಗಿ," ಎಂದಳು ಹೊನ್ನಮ್ಮ. "ಅದ್ರಲ್ಲಿ ಅವ್ರು ಇಲ್ಲ."

ಮರುದಿನ ಹೇಮಾ ಯಾರದೋ ಲ್ಯಾಪ್‌ಟಾಪ್ ಕೇಳಿ ತಂದು ತನ್ನ ಪರದೆಗೆ ಜೋಡಿಸಿ, ಹೊನ್ನಮ್ಮನ ಅಂಗಳದಲ್ಲೇ ಕೂತು ಜಟ್ಟನನ್ನು ಹೊಸದಾಗಿ ಬರೆದಳು. ಹೊನ್ನಾವರದಲ್ಲಿ ಪ್ರಿಂಟ್ ಹಾಕಿಸಿಕೊಟ್ಟಳು.

ಈಗ ಅವಳು ಮನೆಯಲ್ಲೇ ಬೋಟುಗಳ ಮೂತಿಗೆ ಬೇಕಾದ ಚಿತ್ರ ಬರೆದು ಪೇಂಟರುಗಳಿಗೆ ಕೊಡುತ್ತಾಳೆ. ಸತ್ತವರ ಚಿತ್ರಕ್ಕೂ ಜನ ಬರುತ್ತಾರೆ. ಅವರಲ್ಲೂ ಹೆಚ್ಚಿನವರು ಕೇಳುವುದು, ಸ್ವಲ್ಪ ಬಿಳಿ ಮಾಡಬಹುದಾ ಎಂದೇ. ಆಗುವುದಿಲ್ಲ ಎಂದರೆ ಸಿಟ್ಟಾಗಿ ಎದ್ದು ಕುಮಟಾಕ್ಕೆ ಹೋಗುತ್ತಾರೆ. ಅವರು ಹೋದ ಮೇಲೆ ಹೇಮಾ ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿ ಮುಖ ತೊಳೆದು ಬರುತ್ತಾಳೆ.