ನನಗೆ ಕಾಣದ ಸಾಲು

ಅಕ್ಕನ ಎದೆಯ ಗಂಟಿನ ವರದಿ ಬರಬೇಕಾಗಿದ್ದ ದಿನ ನಾನು ಮೂಡುಬಿದಿರೆಯ ಲ್ಯಾಬಿನ ಮಹಡಿಯಲ್ಲಿ ಎದ್ದು ಕೂತು, ಎದ್ದು ಕೂತು ಕುರ್ಚಿಗೇ ಬೇಸರ ಬರಿಸಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಕೌಂಟರ್ ಇರುವ ಲ್ಯಾಬು ಅದು. ಮೂರು ತಾಲೂಕಿನ ವರದಿಗಳೂ ಒಂದೇ ಡೇಟಾಬೇಸಿನ ಒಂದೇ ಟೇಬಲಿನಲ್ಲಿ, ಒಬ್ಬೊಬ್ಬರದು ಒಂದೊಂದು ಸಾಲಾಗಿ ಇರುತ್ತಿದ್ದವು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಯಾರ ಸಾಲು ಯಾರಿಗೆ ಕಾಣಬೇಕೆಂಬ ನಿಯಮವನ್ನು ಟೇಬಲಿಗೇ ಕಟ್ಟಿಬಿಡಬೇಕೆಂದು ಲ್ಯಾಬಿನ ಡಾಕ್ಟರು ಹೇಳಿದ್ದರು. ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ವರದಿ ತರುವುದು ಕಾಯಿಲೆಯವರಲ್ಲ, ಅವತ್ತು ಪೇಟೆಗೆ ಹೊರಟವರು. ಯಾರ ಮನೆಯವರು ಯಾರದ್ದು ಕೇಳಿದರೂ ಕೌಂಟರಿನವರು ಕೊಡುತ್ತಿದ್ದರು. ತರುವವರು ಬಸ್ಸಿನಲ್ಲಿ ಅದನ್ನು ಓದದೆ ಕೂರಲು ಅವರೇನು ಸನ್ಯಾಸಿಗಳೇ?

ಹಿಂದೊಮ್ಮೆ ಅಕ್ಕ ಬಸುರಿ ಎಂಬ ವರದಿಯನ್ನು ನೆರೆಮನೆಯ ರಿಕ್ಷಾದವರು ತಂದಿದ್ದರು. ಅವಳ ಕೈಗೆ ಬರುವ ಮೊದಲೇ ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಅವಳ ಅತ್ತೆಗೆ ಶುಭಾಶಯ ಸಿಕ್ಕಿತ್ತು. ಗಲ್ಫಿನಲ್ಲಿದ್ದ ಭಾವನಿಗೂ ಬೇರೆ ಯಾರೋ ಫೋನು ಮಾಡಿ ಹೇಳಿದ್ದರು. ಆಮೇಲೆ ಗರ್ಭ ನಿಲ್ಲಲಿಲ್ಲ. ಸಂತೋಷಪಟ್ಟವರೆಲ್ಲ ಸಾಲುಗಟ್ಟಿ ಸಮಾಧಾನ ಹೇಳಲು ಬಂದರು. ಅಕ್ಕ ಎಲ್ಲರಿಗೂ ಚಾ ಮಾಡಿ ಕೊಟ್ಟಳು. ಆ ನೆನಪಿಗೆ ಈಗಲೂ ನನಗೆ ಮೈ ಉರಿಯುತ್ತದೆ.

ಈ ಸಲ ಗಂಟಿನ ಚೂರನ್ನು ಪರೀಕ್ಷೆಗೆ ಕೊಟ್ಟು ಬಂದವಳು ನನ್ನನ್ನು ಬದಿಗೆ ಕರೆದಳು.

"ನನ್ನದು ನನಗೇ ಮೊದಲು ಗೊತ್ತಾಗ್ಬೇಕು. ನೀನು ಕೂಡ ನೋಡ್ಲಿಕ್ಕಿಲ್ಲ."

ಆಯಿತು ಎಂದೆ. ಹೇಳುವುದು ಸುಲಭ.

ಇನ್ನು ಮುಂದೆ ವರದಿಯನ್ನು ಕಾಗದದ ಬದಲು ಫೋನಿನಲ್ಲೇ ನೋಡುವ ಏರ್ಪಾಡು. ಅದಕ್ಕೆ ನಾನು ಮೊದಲು ಬರೆದ ನಿಯಮ ಸರಳವಾಗಿತ್ತು. ಯಾವ ಫೋನ್ ನಂಬರಿನಿಂದ ಒಳಗೆ ಬಂದರೋ ಆ ನಂಬರಿನ ಸಾಲು ಮಾತ್ರ ಕಾಣಬೇಕು. ಪುಸ್ತಕದಲ್ಲಿ ಓದಿ ಕಲಿತವರು ಹಾಗೆಯೇ ಬರೆಯುವುದು. ನಮ್ಮ ಊರಲ್ಲಿ ಮನೆಗೊಂದೇ ನಂಬರ್ ಬರೆಸುತ್ತಾರೆ ಎಂಬುದು, ಇಲ್ಲಿಯೇ ಹುಟ್ಟಿ ಬೆಳೆದ ನನ್ನ ತಲೆಗೆ ಹೋಗಲಿಲ್ಲ. ಪರೀಕ್ಷೆಗೆಂದು ಅಕ್ಕನ ಹೆಸರಿನಲ್ಲಿ ಒಂದು ಸುಳ್ಳು ಸಾಲು ಸೇರಿಸಿ ನೋಡಿದರೆ, ಅದು ಅವಳ ಮಾವನ ಫೋನಿನಲ್ಲಿ ತೆರೆದುಕೊಳ್ಳುವಂತಿತ್ತು! ಅದನ್ನು ಕಿತ್ತುಹಾಕಿ, ಮಾದರಿ ಕೊಟ್ಟವರ ಕೈಗೇ ಒಂದೊಂದು ಗುಟ್ಟಿನ ಸಂಖ್ಯೆ ಕೊಡುವಂತೆ ಮಾಡಿದೆವು. ಅದು ಇದ್ದವರಿಗೆ ತಮ್ಮ ವರದಿ, ಡಾಕ್ಟರಿಗೆ ಎಲ್ಲ ವರದಿ, ಕೌಂಟರಿಗೆ ಏನೂ ಇಲ್ಲ.

ಉಳಿದದ್ದು ನಾನು. ಟೇಬಲಿನ ಒಡೆತನ ಇರುವ ಲಾಗಿನ್ನಿಗೆ ನಿಯಮ ತಾಗುವುದಿಲ್ಲ, ಮತ್ತು ಆ ಲಾಗಿನ್ ನನ್ನದು. ಒಡೆತನದ ಲಾಗಿನ್ನಿಗೂ ತಾಗಬೇಕಾದರೆ ಬೇರೆಯೇ ಒಂದು ಆದೇಶ ಕೊಡಬೇಕು. ಅವತ್ತು ಬೆಳಿಗ್ಗೆ ಅದನ್ನೂ ಕೊಟ್ಟೆ. ಕೊಟ್ಟದ್ದನ್ನು ಹಿಂತೆಗೆಯುವ ಅಧಿಕಾರವೂ ನನಗೇ ಇತ್ತು, ಅದೇ ಮಂಡೆಬಿಸಿ.

ಅಕ್ಕನ ಸಾಲನ್ನು ಹುಡುಕಿದೆ. ಏನೂ ಬರಲಿಲ್ಲ. ಈ ನಿಯಮದ ಗುಣವೇ ಹಾಗೆ, ನಿನಗೆ ತೋರಿಸುವುದಿಲ್ಲ ಎಂದು ಬೈದು ಕಳಿಸುವುದಿಲ್ಲ, ಅಂಥದ್ದೊಂದು ಇಲ್ಲವೇ ಇಲ್ಲ ಎಂಬಂತೆ ಸುಮ್ಮನಿರುತ್ತದೆ. ವರದಿ ಬಂದಿಲ್ಲವೋ, ಬಂದರೂ ನನಗೆ ಕಾಣುತ್ತಿಲ್ಲವೋ ತಿಳಿಯುವಂತಿಲ್ಲ. ಮತ್ತೆ ಹುಡುಕಿದೆ. ಕೆಳಗಿಳಿದು ಚಾ ಕುಡಿದು ಬಂದು ಮತ್ತೆ ಹುಡುಕಿದೆ. ಆದೇಶ ಹಿಂತೆಗೆಯುವ ಸಾಲನ್ನು ಟೈಪ್ ಮಾಡಿ, ಅಳಿಸಿ, ಮತ್ತೆ ಮಾಡಿದೆ. ಅಕ್ಕನಿಗೆ ಏನಾದರೂ ಆದರೆ ಎಂದು ಹೆದರಿಕೆ. ನಾನು ಬರೆದ ನಿಯಮದ ಮೇಲೆ ನನಗೇ ಸಿಟ್ಟು. ಕೊನೆಗೆ ಕಂಪ್ಯೂಟರ್ ಮುಚ್ಚಿ ಅಕ್ಕನ ಮನೆ ಕಡೆಯ ಬಸ್ಸು ಹತ್ತಿದೆ. ಅದು ದಾರಿಯಲ್ಲಿ ವಾಮದಪದವಿನಲ್ಲಿ ಯಾರನ್ನೋ ಕಾಯುತ್ತ ನಿಂತಾಗ ಇಳಿದು ಓಡಿಬಿಡುವಷ್ಟು ಚಡಪಡಿಕೆ.

ಅಕ್ಕ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅವಳ ಅತ್ತೆ ನನ್ನನ್ನು ನೋಡಿದ್ದೇ ಕೇಳಿದರು.

"ರಿಪೋರ್ಟ್ ಎಂತ ಬಂತು? ನೀನು ಅಲ್ಲಿಯೇ ಇರುವುದಲ್ವಾ?"

ನನಗೆ ಕಾಣುವುದಿಲ್ಲ ಎಂದೆ. ಅವರು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಅಕ್ಕ ಮಡಚಿದ ಬಟ್ಟೆ ಒಳಗಿಟ್ಟು ಬಂದಳು. ನನಗೆ ಅವಲಕ್ಕಿ ಕಲಸಿ ಕೊಟ್ಟಳು, ರಾತ್ರಿ ನಿಲ್ಲು ಎಂದಳು. ಅವಳ ಮುಖ ಓದಲು ನೋಡಿ ಸೋತೆ. ಮರುದಿನ ಎಲ್ಲರೂ ದೋಸೆಗೆ ಕೂತಿದ್ದಾಗ, ಬಡಿಸುತ್ತಲೇ ಅವಳು ಹೇಳಿದಳು, ಗಂಟು ಕೆಟ್ಟದ್ದಲ್ಲ, ನಿನ್ನೆ ಮಧ್ಯಾಹ್ನವೇ ವರದಿ ಬಂದಿತ್ತು ಎಂದು. ಅತ್ತೆ ಕೈಮುಗಿದು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಅವಳ ಹತ್ತಿರ ಹೋಗಿ, ಒಳ್ಳೆಯ ಸುದ್ದಿಯನ್ನು ಮುಚ್ಚಿಟ್ಟು ನನ್ನನ್ನು ಹೀಗೆ ಸಾಯಿಸಿದ್ದೇಕೆಂದು ಜಗಳ ತೆಗೆದೆ.

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಒಂದು ರಾತ್ರಿ ಆದ್ರೂ ನನ್ನೊಬ್ಬಳ ಹತ್ತಿರ ಇತ್ತಲ್ಲ ಮಾರಾಯ್ತಿ. ಆ ಮಗುವಿನ ಸುದ್ದಿ ಹಾಗೆ ಸಿಗ್ಲಿಲ್ಲ ನನಗೆ."